ಒಂದು ಕ್ರೆಡಿಟ್ಟಿನ ಸಂವಿಧಾನ

ಸಮಾಜಕ್ಕೆ ಏನಾದರೂ ಚಿಂತೆ ಹತ್ತಿತು ಅಂದರೆ ಸಾಕು, ಎಂಜಿನಿಯರಿಂಗ್ ಓದುವ ಹುಡುಗರ ಟೈಮ್‌ಟೇಬಲ್ಲಿಗೆ ಒಂದು ಹೊಸ ಪೇಪರ್ ಬಂದು ಕೂರುತ್ತದೆ. ಪರಿಸರ ಕೆಡ್ತಾ ಇದೆಯಾ? ಪರಿಸರ ಅಧ್ಯಯನ. ಮಕ್ಕಳು ಕನ್ನಡ ಮರೀತಿದಾರಾ? ಕನ್ನಡ. ದೇಶದ ಕಾನೂನು ಗೊತ್ತಿಲ್ವಾ? ಸಂವಿಧಾನ. ನಡತೆ ಸರಿಯಿಲ್ವಾ? ಮಾನವೀಯ ಮೌಲ್ಯ. ಕೂತು ಕೂತು ಹೊಟ್ಟೆ ಬರ್ತಿದೆಯಾ? ಯೋಗ. ಒಂದೊಂದಕ್ಕೂ ಒಂದು ಕ್ರೆಡಿಟ್, ಇಲ್ಲಾಂದ್ರೆ ಸೊನ್ನೆ ಕ್ರೆಡಿಟ್. ಪೇಪರ್ ಸೇರಿಸಿದ ದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದನ್ನು ಯಾರು ಕಲಿಸಿದರು, ಯಾವ ಸೆಮಿಸ್ಟರಿನಲ್ಲಿ, ಎಷ್ಟು ಹೊತ್ತು, ಪರೀಕ್ಷೆ ಹೇಗೆ ಮಾಡಿದರು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಈ ಪೇಪರುಗಳ ಬಗ್ಗೆ ನಮ್ಮಲ್ಲಿ ಎರಡೇ ಪಂಗಡ. ಒಂದು, ಸೇರಿಸುವವರದು. ಇನ್ನೊಂದು, ನಮ್ಮ ಐಟಿಯವರದು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ಬರೀತಾರೆ: 'ಈ ಕನ್ನಡ, ಸಂವಿಧಾನ ಎಲ್ಲ ಯಾಕಪ್ಪಾ ಬೇಕು, ಅದೇ ಟೈಮಲ್ಲಿ ಮಷೀನ್ ಲರ್ನಿಂಗ್ ಹೇಳಿಕೊಡಬಾರದಾ?' ಇವರಿಬ್ಬರೂ ಜಗಳ ಆಡುತ್ತಾರೆ, ಆದರೆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ. ಇವೆಲ್ಲ ನಿಜವಾದ ಓದಿನ ಹೊರಗಿನವು ಅಂತ. ಒಬ್ಬರು ಹೊರಗಿನಿಂದ ತಂದು ಅಂಟಿಸಬೇಕು ಅಂತಾರೆ, ಇನ್ನೊಬ್ಬರು ಕಿತ್ತು ಬಿಸಾಕಬೇಕು ಅಂತಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಲೆಕ್ಕ ನೋಡಿ. 2018ರಲ್ಲಿ ಎಐಸಿಟಿಇ ತನ್ನ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷದ ಬಿಇಗೆ 160 ಕ್ರೆಡಿಟ್ ಅಂತ ಗೊತ್ತು ಮಾಡಿತು. ಅದರಲ್ಲಿ ಮಾನವಿಕ ಮತ್ತು ಸಮಾಜವಿಜ್ಞಾನಕ್ಕೆ, ಮ್ಯಾನೇಜ್‌ಮೆಂಟೂ ಸೇರಿ, 12. ಪರಿಸರ ವಿಜ್ಞಾನ, ಭಾರತದ ಸಂವಿಧಾನ, ಭಾರತೀಯ ಜ್ಞಾನ ಪರಂಪರೆ ಇವು ಕಡ್ಡಾಯ, ಆದರೆ ಕ್ರೆಡಿಟ್ ಇಲ್ಲ. ಕಡ್ಡಾಯವೂ ಹೌದು, ಲೆಕ್ಕಕ್ಕೂ ಇಲ್ಲ! ನಮ್ಮ ವಿಟಿಯು ಆಮೇಲಿನ ಸ್ಕೀಮುಗಳಲ್ಲಿ ಸಂವಿಧಾನಕ್ಕೆ ಒಂದು, ಕನ್ನಡಕ್ಕೆ ಒಂದು ಅಂತ ಕೊಟ್ಟಿತು. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ. ಹಬ್ಬ, ಇಂಟರ್ನಲ್ಸ್, ಕಾಲೇಜ್ ಫೆಸ್ಟ್ ಕಳೆದರೆ ಸೆಮಿಸ್ಟರಿಗೆ ಹನ್ನೆರಡೋ ಹದಿಮೂರೋ ಗಂಟೆ ಉಳಿಯುತ್ತದೆ. ಸಂವಿಧಾನ ಸಭೆಗೆ ಬರೆದು ಮುಗಿಸಲು ಸುಮಾರು ಮೂರು ವರ್ಷ ಬೇಕಾಗಿದ್ದ ಪುಸ್ತಕವನ್ನು ಹದಿಮೂರು ಗಂಟೆಯಲ್ಲಿ ಮುಗಿಸಿ, ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕಿಸಿ ಕಳಿಸುತ್ತೇವೆ.

ನಾನು ಬಿಇಗೆ ಸೇರಿದ್ದು 2006ರಲ್ಲಿ. ಕಾಲೇಜಿನ ಹೆಸರು ಬೇಡ, ಅಂಥವು ರಾಜ್ಯದಲ್ಲಿ ನೂರಿವೆ. ನಮಗೆ ಸಂವಿಧಾನ ಪಾಠ ಮಾಡಿದವರು ಮೆಕ್ಯಾನಿಕಲ್ ವಿಭಾಗದ ಸರ್. ಆ ಸೆಮಿಸ್ಟರಿನಲ್ಲಿ ಅವರಿಗೆ ವರ್ಕ್‌ಲೋಡ್ ಕಮ್ಮಿ ಬಿದ್ದಿತ್ತು, ಅದಕ್ಕೆ ಸಂವಿಧಾನ ಕೊಟ್ಟಿದ್ದರು. ಥರ್ಮೋಡೈನಮಿಕ್ಸ್ ಅನ್ನು ಅವರಷ್ಟು ಚೆನ್ನಾಗಿ ಹೇಳಿಕೊಟ್ಟವರು ಇಲ್ಲ ಅಂತ ಸೀನಿಯರ್‌ಗಳು ಹೇಳುತ್ತಿದ್ದರು. ಸಂವಿಧಾನದ ಕ್ಲಾಸಿನಲ್ಲಿ ಮಾತ್ರ ಪಾಪ, ಗೈಡ್ ಓದುತ್ತಿದ್ದರು. ಅನುಚ್ಛೇದಗಳೆಷ್ಟು, ಅನುಸೂಚಿಗಳೆಷ್ಟು, ರಾಜ್ಯಸಭೆಯ ಅಧ್ಯಕ್ಷರು ಯಾರು. ಪರೀಕ್ಷೆಗೆ ಎರಡು ದಿನ ಇರುವಾಗ ಜೆರಾಕ್ಸ್ ಅಂಗಡಿಯಲ್ಲಿ ಕ್ವೆಶ್ಚನ್ ಬ್ಯಾಂಕ್ ಸಿಗುತ್ತಿತ್ತು. ಇಡೀ ಹಾಸ್ಟೆಲ್ ಪಾಸು. ಸರ್ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಲಾ ಕಾಲೇಜಿನ ಮೇಷ್ಟರನ್ನು ಕರೆಸಿ ಥರ್ಮೋಡೈನಮಿಕ್ಸ್ ಮಾಡಿ ಅಂದರೆ ಇಡೀ ಕಾಲೇಜು ನಗುತ್ತಿತ್ತು. ಇದಕ್ಕೆ ಯಾರೂ ನಗಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಈ ಪೇಪರುಗಳಲ್ಲಿ ಹಲವು ಬಂದು ಬೀಳುವುದು ಮೊದಲ ವರ್ಷದಲ್ಲಿ, ಪಿ ಸೈಕಲ್, ಸಿ ಸೈಕಲ್ ಗಲಾಟೆಯ ನಡುವೆ. ಪಿಯುಸಿ ಮುಗಿಸಿ ಬಂದ ಹುಡುಗ ಗಣಿತದಲ್ಲಿ ಬ್ಯಾಕ್ ಉಳಿಸಿಕೊಂಡರೆ ಏನು ಗತಿ ಅಂತ ನಡುಗುತ್ತಿರುವ ಹೊತ್ತು ಅದು. ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ವಿದ್ಯಾರ್ಥಿ ಬಹಳ ಬೇಗ ಕಲಿಯುತ್ತಾನೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಂವಿಧಾನದ ಕ್ಲಾಸ್ ಸಂಜೆ ನಾಲ್ಕಕ್ಕೆ, ಕನ್ನಡದ ಕ್ಲಾಸನ್ನು ಲ್ಯಾಬ್ ಎಕ್ಸ್‌ಟ್ರಾಗೆ ಬಿಟ್ಟುಕೊಡಬಹುದು, ಪರಿಸರಕ್ಕೆ ಓದದಿದ್ದರೂ ನಡೆಯುತ್ತದೆ. ಸಂವಿಧಾನ, ಭಾಷೆ, ಪರಿಸರ ಈ ಮೂರೂ ಟೈಮ್ ವೇಸ್ಟು ಅನ್ನುವ ಪಾಠವನ್ನು ನಾವು ಪ್ರತಿ ವರ್ಷ ಸಾವಿರಾರು ಮಕ್ಕಳಿಗೆ ಸರ್ಕಾರಿ ಮೊಹರು ಹಾಕಿ ಕಲಿಸುತ್ತಿದ್ದೇವೆ. ಇಂಥ ಪೇಪರ್ ಇಲ್ಲದೇ ಇದ್ದಿದ್ದರೂ ಇಷ್ಟು ಹಾನಿ ಆಗುತ್ತಿರಲಿಲ್ಲವೇನೋ.

ಹಾಗಾದರೆ ತೆಗೆದೇ ಬಿಡೋಣ ಅನ್ನುವ ಗೆಳೆಯರಿಗೆ ಒಂದು ಮಾತು. ಹಾಗೆ ಹೇಳುವವರು ಯಾರು ಅಂತ ಗಮನಿಸಿ. ಹೆಚ್ಚಿನವರು ಇದನ್ನೆಲ್ಲ ಮನೆಯಲ್ಲೇ ಪಡೆದವರು. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ಟೀಚರ್, ಮಾವ ಲಾಯರ್, ಮನೆಗೆ ಎರಡು ಪೇಪರ್ ಬರುತ್ತದೆ, ಊಟಕ್ಕೆ ಕೂತರೆ ಬಜೆಟ್ ಬಗ್ಗೆ ಮಾತು. ಅವರಿಗೆ ಕಾಲೇಜು ಕೊಡದಿದ್ದರೂ ನಷ್ಟವಿಲ್ಲ. ಶಿರಾ ಕಡೆಯ ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ, ಕಡಲೆಕಾಯಿ ಬೆಳೆಯ ಮೇಲೆ ಸಾಲ ಎತ್ತಿಕೊಂಡು ಬಂದ ನನ್ನಂಥವನಿಗೆ ಕಾಲೇಜು ಬಿಟ್ಟರೆ ಬೇರೆ ಬಾಗಿಲು ಇರಲಿಲ್ಲ. ಕಾನೂನು ಹೇಗೆ ನಡೆಯುತ್ತದೆ, ಒಂದು ವಾದವನ್ನು ಹೇಗೆ ಕಟ್ಟಬೇಕು, ನಾಲ್ಕು ಪುಟ ಓದಿ ಅದರಲ್ಲಿ ಸುಳ್ಳು ಯಾವುದು ಅಂತ ಹೇಗೆ ಗುರುತಿಸಬೇಕು, ಇದನ್ನು ಯಾರಾದರೂ ಹೇಳಿಕೊಡಬಹುದಾಗಿದ್ದ ನಾಲ್ಕೇ ವರ್ಷ ಅದು. ಹಳೆಯ ಐಐಟಿಗಳಲ್ಲಿ ಮಾನವಿಕ ಮತ್ತು ಸಮಾಜವಿಜ್ಞಾನಕ್ಕೆಂದೇ ವಿಭಾಗವಿದೆ, ಅದೇ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಅಧ್ಯಾಪಕರಿದ್ದಾರೆ. ಅಲ್ಲಿ ಎಂಜಿನಿಯರಿಂಗ್ ಹುಡುಗಿ ಅರ್ಥಶಾಸ್ತ್ರವನ್ನೋ ತತ್ತ್ವಶಾಸ್ತ್ರವನ್ನೋ ಪೂರ್ತಿ ಕೋರ್ಸಾಗಿ ತೆಗೆದುಕೊಳ್ಳಬಹುದು, ಪ್ರಬಂಧ ಬರೆಯಬಹುದು. ನಮ್ಮ ಹುಡುಗಿಗೆ ಟಿಕ್ ಹಾಕುವ ಭಾಗ್ಯ. ಬಡವರ ಮಕ್ಕಳಿಗೆ ಕೆಲಸದ ವಿದ್ಯೆ ಸಾಕು, ಯೋಚನೆ ಮಾಡುವ ವಿದ್ಯೆ ಉಳ್ಳವರಿಗಿರಲಿ ಅನ್ನುವುದು ಹಳೆಯ ಕಾಲದ ವ್ಯವಸ್ಥೆ. ಅದನ್ನು 'ಇಂಡಸ್ಟ್ರಿ ರೆಡಿ' ಅನ್ನುವ ಹೊಸ ಹೆಸರಿನಲ್ಲಿ ಒಳಗೆ ಬಿಟ್ಟುಕೊಳ್ಳುವುದು ಬೇಡ.

ಇಷ್ಟಕ್ಕೂ ಇವು ಎಂಜಿನಿಯರಿಂಗಿನ ಹೊರಗಿನವು ಅನ್ನುವುದೇ ಸುಳ್ಳು. ಡೇಟಾಬೇಸ್ ವಿಷಯವನ್ನೇ ತಗೊಳ್ಳಿ. ನಾವೆಲ್ಲ ಓದಿದ್ದು ನವಾತೆ ಪುಸ್ತಕ. ಅದರಲ್ಲಿ ಬರುವ ಉದಾಹರಣೆ ಒಂದು ಕಂಪನಿ. ಎಂಪ್ಲಾಯೀ, ಡಿಪಾರ್ಟ್‌ಮೆಂಟ್, ಪ್ರಾಜೆಕ್ಟ್. ನೌಕರನಿಗೆ ಫಸ್ಟ್ ನೇಮ್, ಮಧ್ಯದಲ್ಲೊಂದು ಇನಿಷಿಯಲ್, ಲಾಸ್ಟ್ ನೇಮ್. ಆಮೇಲೆ ಬಂದ ವಿಟಿಯು ಲ್ಯಾಬ್ ಪಟ್ಟಿಯಲ್ಲೂ ಆ ಕಂಪನಿ ಇದೆ. ಪುಸ್ತಕ ಒಳ್ಳೆಯದೇ, ಅದರ ತಪ್ಪೇನಿಲ್ಲ. ಆದರೆ ನಮ್ಮ ಪಕ್ಕದಲ್ಲೇ ಇನ್ನೊಂದು ಡೇಟಾಬೇಸ್ ಇತ್ತು. 'ಭೂಮಿ' ಯೋಜನೆಯಲ್ಲಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ರೈತರ ಲೆಕ್ಕವನ್ನು, ಕಂಪ್ಯೂಟರಿಗೆ ಏರಿಸಿದ್ದು ನಾವು ಹೈಸ್ಕೂಲಿನಲ್ಲಿದ್ದಾಗ. ಆ ಪಹಣಿಯಲ್ಲಿ ಲಾಸ್ಟ್ ನೇಮ್ ಅನ್ನುವುದೇ ಇಲ್ಲ. 'ಬಿನ್' ಅಂತ ಹಾಕಿ ಅಪ್ಪನ ಹೆಸರು, 'ಕೋಂ' ಅಂತ ಹಾಕಿ ಗಂಡನ ಹೆಸರು. ಮಾಲೀಕ ಅಂತ ಕಾಣುವವರು ಎಷ್ಟೋ ಕಡೆ ತೀರಿಹೋದ ತಾತ, ಪೌತಿ ಖಾತೆ ಆಗಿಲ್ಲ. ಸರ್ವೆ ನಂಬರ್ ಒಂದೇ, ಉಳುವವರು ಐದು ಜನ ಅಣ್ಣತಮ್ಮಂದಿರು, ಪೋಡಿ ಆಗಿಲ್ಲ. ಹಕ್ಕು ಮತ್ತು ಋಣದ ಕಾಲಂನಲ್ಲಿ ಸೊಸೈಟಿ ಸಾಲ.

ಇದನ್ನು ಟೇಬಲ್ಲುಗಳಾಗಿ ಹೇಗೆ ಒಡೆಯುತ್ತೀರಿ? ಸತ್ತ ಮಾಲೀಕನನ್ನು ಎಲ್ಲಿಡುತ್ತೀರಿ? ಐದು ಜನರ ಬಾಯಿಮಾತಿನ ಪಾಲನ್ನು ಬರೆಯಬೇಕೇ ಬೇಡವೇ, ಬರೆದರೆ ಯಾರ ಮಾತು ಕೇಳಿ ಬರೆಯುತ್ತೀರಿ? ಇದು ನಾರ್ಮಲೈಸೇಶನ್ ಪ್ರಶ್ನೆಯೂ ಹೌದು, ಕಾನೂನಿನ ಪ್ರಶ್ನೆಯೂ ಹೌದು, ಭಾಷೆಯ ಪ್ರಶ್ನೆಯೂ ಹೌದು. ಪಹಣಿಯಲ್ಲಿ ಕನ್ನಡದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಥರ. ರಂಗಪ್ಪ ಇದ್ದವನು ರಂಗಯ್ಯ ಆಗಿರುತ್ತಾನೆ, ಪಿ ಒಂದೋ ಎರಡೋ ಅನ್ನುವ ಗೊಂದಲ ಬೇರೆ. ಎರಡೂ ಅಕ್ಷರಕ್ಕಕ್ಷರ ಹೊಂದಬೇಕು ಅಂತ ಎಲ್ಲೋ ಕೂತ ನನ್ನಂಥವನೊಬ್ಬ ಕೋಡ್ ಬರೆದಿರುತ್ತಾನೆ. ಹೊಂದಲಿಲ್ಲ ಅಂದರೆ ದುಡ್ಡು ಬರಲ್ಲ. ನಮ್ಮ ದೊಡ್ಡಪ್ಪ ಅಫಿಡವಿಟ್ ಹಿಡಿದು ತಾಲ್ಲೂಕು ಆಫೀಸಿಗೆ ಐದು ಸಲ ಓಡಾಡಿದರು. ಫೋನ್ ಮಾಡಿ ಕೇಳಿದ್ದು ಇಷ್ಟೇ: 'ಅಲ್ಲಪ್ಪಾ, ನೀವೇ ತಾನೇ ಈ ಕಂಪ್ಯೂಟರ್ ಮಾಡೋರು, ನಾನು ನಾನೇ ಅಂತ ಅದಕ್ಕೆ ಹೇಳೋಕಾಗಲ್ವಾ?'

ಆ ಕೋಡ್ ಬರೆದ ಹುಡುಗನೂ ಪರಿಸರ, ಸಂವಿಧಾನ, ಕನ್ನಡ ಎಲ್ಲ ಪಾಸಾಗಿದ್ದಾನೆ. ಮಾರ್ಕ್ಸ್ ಕಾರ್ಡ್ ಇದೆ. ಅವನ ತಲೆಯಲ್ಲಿ ಕನ್ನಡ ಒಂದು ಪೇಪರ್, ಡೇಟಾಬೇಸ್ ಇನ್ನೊಂದು ಪೇಪರ್. ಎರಡೂ ಒಂದೇ ಮೇಜಿನ ಮೇಲೆ ಯಾವತ್ತೂ ಕೂತಿಲ್ಲ, ಯಾಕೆಂದರೆ ಡಿಗ್ರಿಯ ನಕ್ಷೆ ಹಾಕಿದವರು ಅವನ್ನು ಕೂರಿಸಲಿಲ್ಲ.

ಸಂವಿಧಾನದ್ದೂ ಇದೇ ಕಥೆ. ಸಾಫ್ಟ್‌ವೇರ್ ಬರೆಯುವವನಿಗೆ ಈ ದೇಶದಲ್ಲಿ ಎಲ್ಲಕ್ಕಿಂತ ಹತ್ತಿರದ ತೀರ್ಪು ಯಾವುದು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ ತೀರ್ಪು. ಆಧಾರ್ ಪ್ರಶ್ನಿಸಿ ಆ ಅರ್ಜಿ ಹಾಕಿದ್ದವರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಇಂಟರ್‌ವ್ಯೂ ಮಾಡುವಾಗ ಹೊಸ ಹುಡುಗರನ್ನು ನಾನು ಆಗಾಗ ಕೇಳುತ್ತೇನೆ: ಗ್ರಾಹಕರ ಫೋನ್ ನಂಬರ್ ಯಾಕೆ ಇಟ್ಟುಕೊಳ್ಳುತ್ತಿದ್ದೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಬರುವ ಉತ್ತರ: 'ರಿಕ್ವೈರ್‌ಮೆಂಟಲ್ಲಿ ಇತ್ತು ಸರ್.' ಅನುಚ್ಛೇದ 21 ಏನು ಅಂದರೆ ಮಾತ್ರ ತಟ್ಟನೆ ಹೇಳುತ್ತಾರೆ, ಜೀವಿಸುವ ಹಕ್ಕು ಅಂತ. ಬಾಯಿಪಾಠ ಗಟ್ಟಿ ಇದೆ. ಆ ಹಕ್ಕು ತಾನು ಬರೆಯುವ ಟೇಬಲ್ಲಿನ ಒಳಗೇ ಇದೆ ಅಂತ ಯಾರೂ ತೋರಿಸಿಲ್ಲ. ಸಂವಿಧಾನವನ್ನು ಮೊದಲ ಸೆಮಿಸ್ಟರಿನಿಂದ ಎತ್ತಿ ಆರನೇ ಸೆಮಿಸ್ಟರಿಗೆ, ಸೈಬರ್ ಸೆಕ್ಯುರಿಟಿಯ ಪಕ್ಕಕ್ಕೆ ಇಟ್ಟು ನೋಡಿ. ಸಿವಿಲ್‌ನವರಿಗೆ ಭೂಸ್ವಾಧೀನದ ಜೊತೆ ಇಡಿ, ಕೆಮಿಕಲ್‌ನವರಿಗೆ ಕಾರ್ಖಾನೆಯ ತ್ಯಾಜ್ಯದ ಜೊತೆ. ಹುಡುಗರು ನಿದ್ದೆ ಮಾಡುತ್ತಾರಾ ನೋಡೋಣ.

ಇನ್ನು ಆಕ್ಟಿವಿಟಿ ಪಾಯಿಂಟ್ ಅನ್ನುವ ಒಂದು ವಿಚಿತ್ರ ಇದೆ. ಎಐಸಿಟಿಇ ಹೇಳಿದ ಪ್ರಕಾರ ನಾಲ್ಕು ವರ್ಷದಲ್ಲಿ 100 ಪಾಯಿಂಟ್ ಗಳಿಸಬೇಕು, ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ. ಆಶಯ ಬಹಳ ಒಳ್ಳೆಯದು. ನಡೆಯುವುದು ಹೇಗೆ ಅಂದರೆ, ನಮ್ಮೂರಿಗೆ ಒಂದು ಕಾಲೇಜ್ ಬಸ್ ಬಂತು. ಇಳಿದವರೆಲ್ಲ ಒಂದೇ ಬಣ್ಣದ ಟೀ ಶರ್ಟ್. ಬ್ಯಾನರ್ ಬಿಚ್ಚಿದರು, ಶಾಲೆಯ ಮುಂದೆ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡರು, ನಾಲ್ಕು ಸಸಿ ನೆಟ್ಟರು. ಅದು ಏಪ್ರಿಲ್ ತಿಂಗಳು! ಬಯಲುಸೀಮೆಯಲ್ಲಿ ಏಪ್ರಿಲ್‌ನಲ್ಲಿ ಯಾರಾದರೂ ಸಸಿ ನೆಡುತ್ತಾರಾ? ನಮ್ಮೂರ ಅಜ್ಜಿಯೊಬ್ಬರು 'ನೀರು ಯಾರಪ್ಪಾ ಹುಯ್ಯೋರು?' ಅಂತ ಕೇಳಿದ್ದಕ್ಕೆ ಆ ಮಕ್ಕಳು ನಕ್ಕು ಅಜ್ಜಿಯ ಜೊತೆಗೊಂದು ಸೆಲ್ಫಿ ತೆಗೆದುಕೊಂಡರು. ಮಧ್ಯಾಹ್ನ ಬಸ್ ಹೊರಟಿತು. ಅಜ್ಜಿ ಕೇಳಿದ ಪ್ರಶ್ನೆಯೇ ಆ ದಿನದ ಪರಿಸರ ಅಧ್ಯಯನವಾಗಿತ್ತು. ಬೋರ್‌ವೆಲ್ ಎಷ್ಟು ಅಡಿ ಹೋಗಿದೆ, ಮೋಟಾರ್ ಯಾವ ಹೊತ್ತಿಗೆ ಓಡುತ್ತದೆ, ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೆ, ಕೆರೆ ಯಾಕೆ ತುಂಬುತ್ತಿಲ್ಲ. ಒಂದೇ ಒಂದು ಊರಿನ ನೀರಿನ ಲೆಕ್ಕವನ್ನು ಒಂದು ಸೆಮಿಸ್ಟರ್ ಕೂತು ಬರೆದಿದ್ದರೆ ಎಲೆಕ್ಟ್ರಿಕಲ್, ಸಿವಿಲ್, ಕಂಪ್ಯೂಟರ್ ಮೂರೂ ವಿಭಾಗಕ್ಕೆ ಪ್ರಾಜೆಕ್ಟ್ ಆಗುತ್ತಿತ್ತು. ನಮ್ಮೂರು ಅವರ ಸರ್ಟಿಫಿಕೇಟಿನಲ್ಲಿ ಒಂದಿಷ್ಟು ಪಾಯಿಂಟ್ ಆಗಿ ಉಳಿಯಿತು.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ, ಅದೇ ತಮಾಷೆ. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ಆಯಿತು. ಎನ್‌ಬಿಎ ಮಾನ್ಯತೆಗೆ 12 'ಪ್ರೋಗ್ರಾಂ ಔಟ್‌ಕಮ್'ಗಳು ಬಂದವು. ಎಂಜಿನಿಯರ್ ಮತ್ತು ಸಮಾಜ, ಪರಿಸರ ಮತ್ತು ಸುಸ್ಥಿರತೆ, ನೀತಿ, ಸಂವಹನ, ಎಲ್ಲ ಅದರಲ್ಲಿದ್ದವು. ಅಂದರೆ ಸಾಮಾನ್ಯ ಶಿಕ್ಷಣ ಪ್ರತಿ ವಿಷಯದ ಒಳಗೇ ಇರಬೇಕು ಅಂತ ಒಪ್ಪಿಕೊಂಡಾಗಿದೆ. ಪಾಠ ಮಾಡುವ ನನ್ನ ಗೆಳೆಯನೊಬ್ಬ ಪ್ರತಿ ಸೆಮಿಸ್ಟರ್ ಎಕ್ಸೆಲ್ ಶೀಟ್ ತುಂಬುತ್ತಾನೆ. ಡೇಟಾ ಸ್ಟ್ರಕ್ಚರ್ ವಿಷಯದ ಮುಂದೆ 'ನೀತಿ' ಕಾಲಂನಲ್ಲಿ 2, 'ಸಮಾಜ'ದಲ್ಲಿ 1. ಹೇಗೆ ಬಂತು ಆ 2 ಅಂತ ಕೇಳಿದೆ. 'ಹೋದ ವರ್ಷದ ಶೀಟಿನಿಂದ ಕಾಪಿ' ಅಂದ. ಸಂಬಳ ತಡವಾಗುವ ಕಾಲೇಜಿನಲ್ಲಿ ನಾಲ್ಕು ಸೆಕ್ಷನ್‌ಗೆ ಪಾಠ ಮಾಡುವವನು ಇನ್ನೇನು ಮಾಡಲು ಸಾಧ್ಯ?

ಸರ್ಕಾರಗಳ ವಿಷಯ ಬೇಗ ಮುಗಿಸುತ್ತೇನೆ, ಹೆಚ್ಚು ಹೇಳುವುದಕ್ಕೂ ಏನಿಲ್ಲ. ಬರೀ ಪರಿಣತಿ ಸಾಲದು, ಸಾಮಾನ್ಯ ಶಿಕ್ಷಣವೂ ಪದವಿಯ ಭಾಗವಾಗಿರಬೇಕು ಅಂತ 1948-49ರ ರಾಧಾಕೃಷ್ಣನ್ ಆಯೋಗವೇ ಹೇಳಿತ್ತು. ಬಿಎ, ಬಿಎಸ್ಸಿ ಕಡೆ 2021ರಲ್ಲಿ ಕರ್ನಾಟಕ ಎಲ್ಲರಿಗಿಂತ ಮೊದಲು ಹೊಸ ಶಿಕ್ಷಣ ನೀತಿಗೆ ಹೋಯಿತು, ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್ ಎಲ್ಲ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ಈ ನಡುವೆ ಕನ್ನಡ ಕಡ್ಡಾಯದ ಆದೇಶ ಹೈಕೋರ್ಟ್ ಮೆಟ್ಟಿಲು ಹತ್ತಿತು. ಯಾವ ಎಲೆಕ್ಟಿವ್ ಇಡಬೇಕು ಅನ್ನುವುದನ್ನು ಎಷ್ಟೋ ಕಾಲೇಜುಗಳಲ್ಲಿ ತೀರ್ಮಾನ ಮಾಡಿದ್ದು ಯಾವ ವಿಭಾಗಕ್ಕೆ ಗಂಟೆ ಕಮ್ಮಿ ಬಿದ್ದಿದೆ ಅನ್ನುವ ಲೆಕ್ಕ. ವಿಟಿಯು ಕೂಡ 2015, 2017, 2018, 2021, 2022 ಅಂತ ಸ್ಕೀಮ್ ಮೇಲೆ ಸ್ಕೀಮ್ ತಂದಿತು. ಅಷ್ಟು ಸಲ ಬಿಚ್ಚಿ ಕಟ್ಟಿದರೂ ಈ ಪೇಪರುಗಳು ಮೂಲೆಯಲ್ಲೇ ಉಳಿದವು.

ಮಾಡಬೇಕಾದ್ದಕ್ಕೆ ಹೊಸ ಪೇಪರ್ ಬೇಡ. ಇರುವ ಒಂದೊಂದು ಕ್ರೆಡಿಟ್ಟಿನ ಆರೇಳು ಚೂರುಗಳನ್ನು ಒಟ್ಟು ಮಾಡಿದರೆ ಮೂರು ಕ್ರೆಡಿಟ್ಟಿನ ಎರಡು ಗಟ್ಟಿ ಕೋರ್ಸ್ ಆಗುತ್ತವೆ. ವಿದ್ಯಾರ್ಥಿಗೆ ಹೊರೆ ಒಂದು ಗುಲಗಂಜಿಯಷ್ಟೂ ಹೆಚ್ಚಾಗುವುದಿಲ್ಲ. ಅವನ್ನು ಮೂರನೇ ವರ್ಷಕ್ಕೆ ತನ್ನಿ, ಆ ಹೊತ್ತಿಗೆ ಹುಡುಗನಿಗೆ ತನ್ನ ವಿಷಯ ಒಂದಿಷ್ಟು ಗೊತ್ತಿರುತ್ತದೆ, ಪ್ರಶ್ನೆ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಬರೆಯಿಸಿ. ಮಾಹಿತಿ ಹಕ್ಕಿನಡಿ ನಿಜವಾದ ಒಂದು ಅರ್ಜಿ ಹಾಕಿ, ಬಂದ ಉತ್ತರವನ್ನು ವಿಶ್ಲೇಷಿಸಲಿ. ಕನ್ನಡ ಬಲ್ಲ ಹುಡುಗರಿಗೆ ವಚನ, ಕೀರ್ತನೆ ಇರಲಿ, ಬೇಡ ಅನ್ನುವವನು ನಾನಲ್ಲ. ಅದರ ಜೊತೆಗೆ ಪಂಪ್‌ಸೆಟ್ ಸ್ಟಾರ್ಟರಿನ ಕೈಪಿಡಿಯನ್ನು ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಲು ಹೇಳಿ. ಆ್ಯಪ್‌ಗಳಲ್ಲಿ ಕಾಣುವ ಯಂತ್ರಾನುವಾದದ ಕನ್ನಡಕ್ಕೆ ಬೈದುಕೊಳ್ಳುವುದು ತಪ್ಪುತ್ತದೆ. ಪಾಠಕ್ಕೆ ಹತ್ತಿರದ ಲಾ ಕಾಲೇಜು, ಡಿಗ್ರಿ ಕಾಲೇಜಿನವರನ್ನು ಸರಿಯಾದ ಸಂಭಾವನೆ ಕೊಟ್ಟು ಕರೆಸಿ. ಅತಿಥಿ ಉಪನ್ಯಾಸಕರು ಈ ರಾಜ್ಯದಲ್ಲಿ ಸಾವಿರಾರು ಜನ ಕೆಲಸ ಹುಡುಕುತ್ತಿದ್ದಾರೆ.

ಮತ್ತೆ ಆ ಪಹಣಿ ಇದೆಯಲ್ಲ, ಅದನ್ನು ಡೇಟಾಬೇಸ್ ಲ್ಯಾಬಿಗೆ ತಂದ ದಿನ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಬರಲ್ಲ ಅಂತ ಕೊನೇ ಬೆಂಚಿನಲ್ಲಿ ಕೂತ ಹುಡುಗ ಇದ್ದಾನಲ್ಲ, ಪೋಡಿ ಅಂದರೆ ಏನು, ಪೌತಿ ಅಂದರೆ ಏನು ಅಂತ ಆ ಕ್ಲಾಸಿನಲ್ಲಿ ಗೊತ್ತಿರುವುದು ಅವನೊಬ್ಬನಿಗೇ. ಸಿಟಿ ಹುಡುಗಿ ಅವನ ಪಕ್ಕ ಬಂದು ಕೂತು ಕೇಳಬೇಕಾಗುತ್ತದೆ.

ಇದಕ್ಕೆ ವಿಶ್ವವಿದ್ಯಾಲಯದ ಅಪ್ಪಣೆಗೆ ಕಾಯಬೇಕು ಅನ್ನುವುದೂ ಪೂರ್ತಿ ನಿಜವಲ್ಲ. ಅಟಾನಮಸ್ ಕಾಲೇಜುಗಳು ತಮ್ಮ ಪಠ್ಯಕ್ರಮವನ್ನು ತಾವೇ ಮಾಡಿಕೊಳ್ಳುತ್ತವೆ. ಅವುಗಳ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಉದ್ಯಮದಿಂದ ಒಬ್ಬರು, ಹಳೆಯ ವಿದ್ಯಾರ್ಥಿಗಳಿಂದ ಒಬ್ಬರು ಇರಬೇಕು ಅಂತ ನಿಯಮವಿದೆ. ಆ ಕುರ್ಚಿಯಲ್ಲಿ ಕೂರುವವರು ನಾವೇ, ಅದೇ ವಾಟ್ಸಾಪ್ ಗುಂಪಿನವರು. ವರ್ಷಕ್ಕೊಮ್ಮೆ ಹೋಗಿ, ಊಟ ಮಾಡಿ, 'ಸ್ವಲ್ಪ ಕ್ಲೌಡ್ ಸೇರಿಸಿ, ಸ್ವಲ್ಪ ಎಐ ಸೇರಿಸಿ' ಅಂತ ಹೇಳಿ, ಟಿಎ ಫಾರ್ಮಿಗೆ ಸಹಿ ಹಾಕಿ ಬರುತ್ತೇವೆ. ಈ ಸಲ ಕರೆ ಬಂದವರು ಒಂದು ಪಹಣಿಯ ಪ್ರಿಂಟ್ ತೆಗೆದುಕೊಂಡು ಹೋಗಿ. ಯಾವುದೇ ನಾಡಕಚೇರಿಯಲ್ಲಿ ಸಿಗುತ್ತದೆ. ಮೀಟಿಂಗಿನಲ್ಲಿ ಮೇಜಿನ ಮೇಲಿಟ್ಟು, ಆ ಕಂಪನಿ ಡೇಟಾಬೇಸಿನ ಪಕ್ಕ ಇದನ್ನೂ ಒಂದು ಎಕ್ಸ್‌ಪೆರಿಮೆಂಟ್ ಅಂತ ಸೇರಿಸಿ ಅಂತ ಕೇಳಿ. ಬೇಡ ಅಂದರೆ ಯಾಕೆ ಬೇಡ ಅಂತ ನಡಾವಳಿಯಲ್ಲಿ ಬರೆಸಿ.